ಸರ್ಗೋಧಾದಿಂದ ಮರಳದ ವಿಮಾನ: ಅಜ್ಜಮಾಡ ದೇವಯ್ಯ ಅವರಿಗೆ ಏನಾಯಿತೆಂದು ನಮಗೆ ಗೊತ್ತಾದದ್ದು ಹೇಗೆ?

2025ರ ಜನವರಿಯಲ್ಲಿ 'ಸ್ಕೈ ಫೋರ್ಸ್' ಎಂಬ ಹಿಂದಿ ಚಿತ್ರ ತೆರೆಗೆ ಬಂದಾಗಿನಿಂದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಕಡೆಯ ಓದುಗರು ಇಂಥ ಸಂದೇಶಗಳನ್ನು ನಮಗೆ ಕಳಿಸಿ "ಇದು ನಿಜವಾ?" ಎಂದು ಕೇಳಿದ್ದಾರೆ. ಒಂದರಲ್ಲಿ ಅವರು ಒಬ್ಬರೇ ಸರ್ಗೋಧಾ ವಾಯುನೆಲೆಯನ್ನು ನಾಶ ಮಾಡಿದರು ಎಂದಿದೆ. ಇನ್ನೊಂದರಲ್ಲಿ ಶಬ್ದದ ವೇಗ ಮೀರಿ ಶತ್ರು ವಿಮಾನವನ್ನು ಅಟ್ಟಿಸಿಕೊಂಡು ಹೋಗಿ ಉರುಳಿಸಿದರು ಎಂದಿದೆ. ಮತ್ತೊಂದು ಅವರಿಗೆ ಪರಮವೀರ ಚಕ್ರ ಬಂದಿದೆ ಎನ್ನುತ್ತದೆ. ವರ್ಷಗಟ್ಟಲೆ ಪಾಕಿಸ್ತಾನದ ಜೈಲಿನಲ್ಲಿದ್ದರು ಎನ್ನುವುದೂ ಒಂದಿದೆ.

ಇವು ನಾಲ್ಕೂ ತಪ್ಪು. ಆದರೆ ನಿಜವಾಗಿ ನಡೆದದ್ದು ಈ ಸಂದೇಶಗಳಿಗಿಂತ ದೊಡ್ಡದು. ಅದು ಹೊರಗೆ ಬಂದ ಬಗೆಯಂತೂ ಸಿನಿಮಾದಲ್ಲಿ ತೋರಿಸಿದ್ದಕ್ಕಿಂತ ವಿಚಿತ್ರವಾದದ್ದು.

ಆ ದಿನ ಬೆಳಗ್ಗೆ

ದೇವಯ್ಯ ಹುಟ್ಟಿದ್ದು 1932ರಲ್ಲಿ, ಕೊಡಗಿನಲ್ಲಿ. ಅಜ್ಜಮಾಡ ಎನ್ನುವುದು ಅವರ ಒಕ್ಕದ ಹೆಸರು, ಬೋಪಯ್ಯ ತಂದೆಯ ಹೆಸರು. 1954ರಲ್ಲಿ ವಾಯುಪಡೆಗೆ ಅಧಿಕಾರಿಯಾಗಿ ಸೇರಿದರು. ಜೊತೆಗಾರರು ಅವರನ್ನು 'ಟಬ್ಬಿ' ಎಂದು ಕರೆಯುತ್ತಿದ್ದರು. 1965ರ ಯುದ್ಧ ಶುರುವಾಗುವ ಹೊತ್ತಿಗೆ ಅವರು ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸುವ ಹಿರಿಯ ತರಬೇತುದಾರರು. ಯುದ್ಧ ಬಂದದ್ದರಿಂದ ನಂಬರ್ 1 ಸ್ಕ್ವಾಡ್ರನ್‌ಗೆ, ಅಂದರೆ 'ಟೈಗರ್ಸ್' ಎಂದು ಕರೆಸಿಕೊಳ್ಳುವ ದಳಕ್ಕೆ ಬಂದಿದ್ದರು. ಆ ದಳ ಪಂಜಾಬಿನ ಆದಂಪುರದಲ್ಲಿತ್ತು. ಅವರ ಕೈಯಲ್ಲಿದ್ದದ್ದು ಫ್ರಾನ್ಸ್‌ನಲ್ಲಿ ತಯಾರಾದ ಮಿಸ್ಟೇರ್ ವಿಮಾನ.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ಸೇಬರ್ ವಿಮಾನಗಳು ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿ ಮಾಡಿ, ನೆಲದ ಮೇಲೆ ನಿಂತಿದ್ದ ನಮ್ಮ ಹಲವು ವಿಮಾನಗಳನ್ನು ಸುಟ್ಟುಹಾಕಿದವು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಪಾಕಿಸ್ತಾನದ ನೆಲೆಗಳ ಮೇಲೆ ಬಾಂಬ್ ದಾಳಿ ಮಾಡಬೇಕೆಂದು ತೀರ್ಮಾನವಾಯಿತು. ಮುಖ್ಯ ಗುರಿ ಸರ್ಗೋಧಾ. ಆದಂಪುರದಿಂದ ನೇರವಾಗಿ ಅಳೆದರೆ ಸುಮಾರು 300 ಕಿ.ಮೀ. ಹೆಚ್ಚುಕಡಿಮೆ ಬೆಂಗಳೂರಿನಿಂದ ಮಂಗಳೂರಿನಷ್ಟು ದೂರ ಎನ್ನಿ. ಅಲ್ಲಿಗೆ ಹೋಗಿ, ಬಾಂಬ್ ಹಾಕಿ, ಅದೇ ಟ್ಯಾಂಕಿನ ಇಂಧನದಲ್ಲಿ ಹಿಂದಿರುಗಬೇಕು. ಕತ್ತಲಿರುವಾಗಲೇ ಹೊರಡಬೇಕು. ರಾಡಾರ್‌ಗೆ ಸಿಗದಂತೆ ನೆಲಕ್ಕೆ ಹತ್ತಿರವಾಗಿ ಹಾರಬೇಕು. ರೇಡಿಯೋದಲ್ಲಿ ಒಬ್ಬರಿಗೊಬ್ಬರು ಮಾತನಾಡುವಂತಿಲ್ಲ.

ದಾಳಿಗೆ ಗೊತ್ತುಮಾಡಿದ್ದು 12 ಮಿಸ್ಟೇರ್‌ಗಳನ್ನು. ಮುಂದಾಳು ದಳದ ಮುಖ್ಯಸ್ಥ ವಿಂಗ್ ಕಮಾಂಡರ್ ಓ.ಪಿ. ತನೇಜಾ. ದೇವಯ್ಯ ಆ 12ರಲ್ಲಿ ಇರಲಿಲ್ಲ. ಅವರು ಸ್ಟ್ಯಾಂಡ್‌ಬೈ.

ಸ್ಟ್ಯಾಂಡ್‌ಬೈ ಎಂದರೆ ಮನೆಯಲ್ಲಿ ಕೂತು ಕರೆಗೆ ಕಾಯುವುದಲ್ಲ. ಉಳಿದವರ ಹಾಗೆಯೇ ಸಿದ್ಧವಾಗಿ, ಎಂಜಿನ್ ಚಾಲೂ ಮಾಡಿ ಕಾದಿರುವುದು. ಯಾವುದಾದರೂ ವಿಮಾನ ಕೆಟ್ಟರೆ ಆ ಜಾಗ ತುಂಬುವುದು. ಆ ಬೆಳಗ್ಗೆ ದೇವಯ್ಯ ಹಾರಿದರು, ಹಿಂದಿರುಗಲಿಲ್ಲ. "ಆಜ್ಞೆ ಮೀರಿ ಕದ್ದು ಹೋದ ಪೈಲಟ್" ಎಂಬ ಬಣ್ಣ ಸಿನಿಮಾದಿಂದ ಬಂದದ್ದು. ಸಿನಿಮಾದ ಆ ಪಾತ್ರಕ್ಕೆ ದೇವಯ್ಯ ಎಂಬ ಹೆಸರೂ ಇಲ್ಲ, ಟಿ. ಕೃಷ್ಣ ವಿಜಯ ಎಂದಿದೆ. ಅದರ ಸ್ವಭಾವವನ್ನು ತಂದು ಈ ಮನುಷ್ಯನಿಗೆ ಅಂಟಿಸುವುದು ಸರಿಯಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಮುಂದೆ ದೇವಯ್ಯ ಅವರಿಗೆ ಗೌರವ ಸಿಗಬೇಕೆಂದು ಓಡಾಡಿದವರು ಅದೇ ತನೇಜಾ ಎನ್ನುವುದನ್ನೂ ನೆನಪಿಟ್ಟುಕೊಳ್ಳಿ.

ಸರ್ಗೋಧಾ ಅಂದು ನಾಶವಾಯಿತೇ? ಇಲ್ಲ. ಅದೇ ದಿನ ಅಲ್ಲಿಂದ ಪಾಕಿಸ್ತಾನದ ವಿಮಾನಗಳು ಹಾರುತ್ತಲೇ ಇದ್ದವು. ನಂತರ ಹೋದ ನಮ್ಮ ದಾಳಿಗಳು ಅವಕ್ಕೆ ಎದುರಾಗಿ ದೊಡ್ಡ ಬೆಲೆ ತೆತ್ತವು. ಹಂಟರ್ ವಿಮಾನಗಳಲ್ಲಿದ್ದ ಸ್ಕ್ವಾಡ್ರನ್ ಲೀಡರ್ ಸುರೇಶ್ ಭಾಗವತ್, ಫ್ಲೈಯಿಂಗ್ ಆಫೀಸರ್ ಜಗದೇವ್ ಸಿಂಗ್ ಬ್ರಾರ್, ಮತ್ತೊಂದು ಮಿಸ್ಟೇರ್‌ನಲ್ಲಿದ್ದ ಫ್ಲೈಟ್ ಲೆಫ್ಟಿನೆಂಟ್ ಗುಹಾ ಅಂದೇ ಪ್ರಾಣ ಕಳೆದುಕೊಂಡರು. ಒಬ್ಬರೇ ಎಲ್ಲವನ್ನೂ ಮುಗಿಸಿ ಬಂದರು ಎಂದು ಹೇಳುವ ಸಂದೇಶಗಳಲ್ಲಿ ಈ ಹೆಸರುಗಳು ಇರುವುದಿಲ್ಲ.

ನಿಧಾನದ ವಿಮಾನ ವೇಗದ ವಿಮಾನವನ್ನು ಹೊಡೆದದ್ದು ಹೇಗೆ?

ಮಿಸ್ಟೇರ್ ತಂಡಕ್ಕೆ ಎದುರಾದದ್ದು ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಅಮೆರಿಕದ ಎಫ್-104 ಸ್ಟಾರ್‌ಫೈಟರ್. ಆ ಕಾಲಕ್ಕೆ ಅದು ಭಯ ಹುಟ್ಟಿಸುವ ಯಂತ್ರ. ಶಬ್ದದ ವೇಗದ ಎರಡು ಪಟ್ಟು ಓಡಬಲ್ಲದು. 'ಒಳಗೆ ಮನುಷ್ಯ ಕೂತಿರುವ ಕ್ಷಿಪಣಿ' ಎಂದೇ ಅದಕ್ಕೆ ಅಡ್ಡಹೆಸರು. ಮಿಸ್ಟೇರ್ ನೆಲಮಟ್ಟದಲ್ಲಿ ಗಂಟೆಗೆ 1,100 ಕಿ.ಮೀ. ಆಸುಪಾಸಿನದು, ಸಮತಲ ಹಾರಾಟದಲ್ಲಿ ಶಬ್ದದ ವೇಗ ದಾಟುವ ವಿಮಾನ ಅದಲ್ಲ. ಹಾಗಾಗಿ "ಶಬ್ದದ ವೇಗ ಮೀರಿ ಅಟ್ಟಿಸಿಕೊಂಡು ಹೋದರು" ಎಂಬ ಮಾತಿಗೆ ಆಧಾರವೇ ಇಲ್ಲ.

ಸ್ಟಾರ್‌ಫೈಟರ್‌ನ ಗುಂಡುಗಳು ದೇವಯ್ಯ ಅವರ ವಿಮಾನಕ್ಕೆ ತಗುಲಿದವು. ಈ ಹೊತ್ತಿನಲ್ಲಿ ಅವರ ಮುಂದೆ ಇದ್ದ ದಾರಿಗಳನ್ನು ಯೋಚಿಸಿ. ಓಡುವುದು ಒಂದು. ಆದರೆ ನಿಮಗಿಂತ ಎಷ್ಟೋ ಪಾಲು ವೇಗದವನಿಗೆ ಬೆನ್ನು ತೋರಿಸಿ ನೇರ ಓಡುವುದೆಂದರೆ ಅವನಿಗೆ ಗುರಿ ಹಲಗೆ ಹಿಡಿದು ನಿಂತಂತೆ. ಇನ್ನೊಂದು ದಾರಿ ತಿರುಗಿ ಬೀಳುವುದು. ವೇಗದ ವಿಮಾನ ಸೋಲುವುದು ಈ ತಿರುವಿನಲ್ಲಿ.

ಜಯನಗರ 4ನೇ ಬ್ಲಾಕ್‌ನ ಯಾವುದಾದರೂ ಮೂಲೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. 20 ಕಿ.ಮೀ. ವೇಗದಲ್ಲಿ ಬರುವ ಸ್ಕೂಟರ್ ಅಲ್ಲಿ ಸಲೀಸಾಗಿ ತಿರುಗುತ್ತದೆ. ಅದೇ ಸ್ಕೂಟರ್ 60ರಲ್ಲಿ ಬಂದು, ಚಕ್ರ ಜಾರದಷ್ಟೇ ವಾಲಿಕೊಂಡು ತಿರುಗಬೇಕೆಂದರೆ ಅದಕ್ಕೆ ಮೂರು ಪಟ್ಟಲ್ಲ, ಒಂಬತ್ತು ಪಟ್ಟು ದೊಡ್ಡ ಬಳಸು ಬೇಕು. ಅಂದರೆ ಎದುರು ಸಾಲಿನ ಅಂಗಡಿಯೊಳಗೆ ಹೊಕ್ಕಂತೆಯೇ. ತಿರುವಿನ ಅಳತೆ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಶಾಲೆಯ ಭೌತವಿಜ್ಞಾನದಲ್ಲಿ ಕಲಿತ ವೃತ್ತಾಕಾರದ ಚಲನೆಯ ಲೆಕ್ಕವೇ ಇದು.

ವಿಮಾನಕ್ಕೆ ರಸ್ತೆ ಇಲ್ಲ. ಅದನ್ನು ತಿರುಗಿಸುವುದು ರೆಕ್ಕೆ. ಪೈಲಟ್ ವಿಮಾನವನ್ನು ಒಂದು ಬದಿಗೆ ವಾಲಿಸಿದಾಗ, ಮೇಲಕ್ಕೆ ಎತ್ತುತ್ತಿದ್ದ ಬಲದ ಒಂದು ಪಾಲು ಪಕ್ಕಕ್ಕೆ ಎಳೆಯತೊಡಗುತ್ತದೆ. ಬಿಗಿಯಾಗಿ ತಿರುಗಿದಷ್ಟೂ ಮೈಮೇಲಿನ ಭಾರ ಹೆಚ್ಚು. ಈ ಭಾರವನ್ನು 'ಜಿ' ಲೆಕ್ಕದಲ್ಲಿ ಅಳೆಯುತ್ತಾರೆ. 4 ಜಿ ತಿರುವಿನಲ್ಲಿ 70 ಕೆ.ಜಿ. ತೂಗುವ ಪೈಲಟ್‌ಗೆ ತಾನು 280 ಕೆ.ಜಿ. ಇದ್ದೇನೆ ಅನ್ನಿಸುತ್ತದೆ, ಕೈ ಎತ್ತುವುದೂ ಕಷ್ಟ. ನಾವು ಲೆಕ್ಕ ಹಾಕಿ ನೋಡಿದೆವು: ಎರಡು ವಿಮಾನಗಳು ಇದೇ 4 ಜಿ ತಿರುವು ತೆಗೆದುಕೊಂಡರೆ, ಗಂಟೆಗೆ 600 ಕಿ.ಮೀ. ವೇಗದಲ್ಲಿರುವುದು ಸುಮಾರು 730 ಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗುತ್ತದೆ. 900 ಕಿ.ಮೀ. ವೇಗದ್ದಕ್ಕೆ 1,650 ಮೀಟರ್ ಬೇಕು. ನಿಧಾನದ್ದು ಒಳಗಿನಿಂದಲೇ ಹೊರಳಿ, ವೇಗದ್ದರ ಬೆನ್ನಿಗೆ ಬಂದುಬಿಡಬಹುದು. (ಇವು ತತ್ವ ತಿಳಿಸಲು ನಾವು ತೆಗೆದುಕೊಂಡ ವೇಗಗಳು, ಅಂದಿನ ಕಾಳಗದ ಅಳತೆಗಳಲ್ಲ.)

ಹಾಗಾದರೆ ಸ್ಟಾರ್‌ಫೈಟರ್ ಕೂಡ ವೇಗ ತಗ್ಗಿಸಿ ತಿರುಗಬಹುದಲ್ಲ? ತಗ್ಗಿಸಬಹುದು, ಆದರೆ ಅಲ್ಲಿಯೂ ಅದಕ್ಕೆ ಕಷ್ಟ. ಅತಿ ವೇಗಕ್ಕೆಂದೇ ಅದಕ್ಕೆ ಪುಟ್ಟ ರೆಕ್ಕೆ ಕೊಟ್ಟಿದ್ದರು, ಒಟ್ಟು ಸುಮಾರು 18 ಚದರ ಮೀಟರ್. ಮಿಸ್ಟೇರ್‌ನ ರೆಕ್ಕೆ 32 ಚದರ ಮೀಟರ್, ಮೇಲಾಗಿ ಅದು ಹಗುರ. ರೆಕ್ಕೆಯ ಪ್ರತಿ ಚದರ ಮೀಟರ್ ಹೊರಬೇಕಾದ ತೂಕ ಸ್ಟಾರ್‌ಫೈಟರ್‌ನಲ್ಲಿ ಸರಿಸುಮಾರು ಎರಡರಷ್ಟು. ನಿಧಾನಕ್ಕೆ ಹಾರುತ್ತಾ ಬಿಗಿಯಾಗಿ ತಿರುಗಿಸಿದರೆ ಅಂಥ ರೆಕ್ಕೆ ಕೈಕೊಡುತ್ತದೆ. ಆದ್ದರಿಂದ ಸ್ಟಾರ್‌ಫೈಟರ್ ಪೈಲಟ್‌ಗಳಿಗೆ ಸುರಕ್ಷಿತ ದಾರಿ ಎಂದರೆ ರಭಸದಿಂದ ಬಂದು ಹೊಡೆದು, ಅದೇ ರಭಸದಲ್ಲಿ ದೂರ ಹೋಗಿಬಿಡುವುದು. ನಿಂತು ಸುತ್ತಾಡಿದರೆ ಅನುಕೂಲ ಎದುರಾಳಿಗೆ.

ಅಮ್ಜದ್ ಹುಸೇನ್ ತಾನು ಹೊಡೆದ ಮಿಸ್ಟೇರ್ ಮುಗಿಯಿತೆಂದುಕೊಂಡರು. ಅದು ಮುಗಿದಿರಲಿಲ್ಲ. ಪೆಟ್ಟು ತಿಂದ ಆ ವಿಮಾನವೇ ತಿರುಗಿಬಿದ್ದು ತನ್ನ 30 ಮಿ.ಮೀ. ಫಿರಂಗಿಗಳಿಂದ ಸ್ಟಾರ್‌ಫೈಟರ್‌ಗೆ ಹೊಡೆಯಿತು. ಅಮ್ಜದ್ ಪ್ಯಾರಾಚೂಟ್‌ನಲ್ಲಿ ಹಾರಿ ಬದುಕಿಕೊಂಡರು. ದೇವಯ್ಯ ಬದುಕಲಿಲ್ಲ.

ಇಲ್ಲಿ ಇಂಧನದ ಲೆಕ್ಕವನ್ನೂ ಮರೆಯಬಾರದು. ನೆಲಕ್ಕೆ ಹತ್ತಿರ ಗಾಳಿ ದಟ್ಟ, ಜೆಟ್ ಎಂಜಿನ್ ಇಂಧನವನ್ನು ಕುಡಿಯುವ ಬಗೆಯೇ ಬೇರೆ. ಅದರ ಮೇಲೆ ಪೂರ್ತಿ ಶಕ್ತಿ ಕೊಟ್ಟು ಕಾದಾಡಿದರೆ ಮನೆಗೆ ಮರಳಲು ಉಳಿಯುವುದು ಅಷ್ಟಕ್ಕಷ್ಟೇ. ವರ್ಷಗಟ್ಟಲೆ ಬೇರೆಯವರಿಗೆ ಪಾಠ ಹೇಳಿದ ತರಬೇತುದಾರರಿಗೆ ಇದು ಗೊತ್ತಿರಲಿಲ್ಲ ಎಂದು ನಮಗನ್ನಿಸುವುದಿಲ್ಲ.

23 ವರ್ಷದ ಮೌನ

ಇಷ್ಟೆಲ್ಲ ವಿವರ ಇಂದು ನಮಗೆ ಗೊತ್ತು. 1965ರಲ್ಲಿ ಆದಂಪುರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಸುಕು ಬೆಳಕಿನಲ್ಲಿ, ರೇಡಿಯೋ ಮೌನದಲ್ಲಿ, ಪ್ರತಿಯೊಬ್ಬರೂ ತಮ್ಮ ಗುರಿ ಮತ್ತು ಇಂಧನದ ಮುಳ್ಳಿನ ಮೇಲೆ ಕಣ್ಣಿಟ್ಟು ಹಾರುತ್ತಿದ್ದಾಗ, ಒಂದು ವಿಮಾನ ಹಿಂದೆ ಉಳಿದು ಕಾದಾಡಿದ್ದನ್ನು ಜೊತೆಯವರು ನೋಡಲಿಲ್ಲ. ಗುಂಡು ಹಾರಿಸಿದಾಗ ಚಿತ್ರ ತೆಗೆಯುವ ಕ್ಯಾಮೆರಾ ವಿಮಾನದೊಂದಿಗೇ ಹೋಯಿತು. ದಾಖಲೆಯಲ್ಲಿ ಉಳಿದದ್ದು 'ಕಾಣೆ' ಎಂಬ ಪದ.

ಕಾಣೆ ಎನ್ನುವುದು ಸೈನ್ಯದ ಭಾಷೆಯಲ್ಲಿ ಒಂದು ವರ್ಗ. ಮನೆಯವರ ಪಾಲಿಗೆ ಅದು ಬೇರೆಯೇ. ನಮ್ಮ ಸಾಮಾನ್ಯ ಕಾನೂನಿನಲ್ಲಿ 7 ವರ್ಷ ಸುಳಿವಿಲ್ಲದವರನ್ನು ಮೃತರೆಂದು ಭಾವಿಸಲು ಅವಕಾಶವಿದೆ. ಆದರೆ ಬಾಗಿಲು ತಟ್ಟಿದ ಸದ್ದಿಗೆ ಎದ್ದು ಹೋಗುವ ಅಭ್ಯಾಸಕ್ಕೆ ಕಾನೂನು ಗಡುವು ಹಾಕಲಾರದು.

ಅದೇ ಯುದ್ಧದಲ್ಲಿ ಕೊಡಗಿನ ಇನ್ನೊಂದು ಮನೆಗೆ ಸುದ್ದಿ ಬೇಗ ಮುಟ್ಟಿತು. ಸೆಪ್ಟೆಂಬರ್ 22ರಂದು ಹಂಟರ್ ವಿಮಾನ ಹಾರಿಸುತ್ತಿದ್ದ ಕೆ.ಸಿ. ಕಾರ್ಯಪ್ಪ ಹೊಡೆತಕ್ಕೆ ಸಿಕ್ಕಿ ಪಾಕಿಸ್ತಾನದ ಕೈದಿಯಾದರು. ತಂದೆ, ನಿವೃತ್ತ ಸೇನಾ ಮುಖ್ಯಸ್ಥ ಜನರಲ್ ಕಾರ್ಯಪ್ಪ. ಮಗ ಬದುಕಿದ್ದಾನೆಂದು ತಿಳಿಯಿತು. 1966ರ ಜನವರಿಯಲ್ಲಿ ಆತ ಮರಳಿದರು. (ಸಂದೇಶಗಳಲ್ಲಿ 'ಆಗಿನ ಫೀಲ್ಡ್ ಮಾರ್ಷಲ್' ಎಂದು ಬರೆಯುತ್ತಾರೆ. ಆ ಪದವಿ ಅವರಿಗೆ ಬಂದದ್ದು 1986ರಲ್ಲಿ.) ದೇವಯ್ಯ ಜೈಲಿನಲ್ಲಿದ್ದರು ಎಂಬ ಕಥೆಗೆ ಈ ಘಟನೆಯೂ, 1971ರ ಯುದ್ಧದಲ್ಲಿ ಕಾಣೆಯಾದವರ ಕುಟುಂಬಗಳ ಹುಡುಕಾಟದ ಸುದ್ದಿಗಳೂ ಬೆರೆತಿರಬೇಕು.

ಮೌನ ಮುರಿದದ್ದು ಎದುರಾಳಿಯ ಕಡೆಯಿಂದ. 1979ರಲ್ಲಿ ಬ್ರಿಟಿಷ್ ಬರಹಗಾರ ಜಾನ್ ಫ್ರಿಕರ್, ಪಾಕಿಸ್ತಾನ ವಾಯುಪಡೆಯ ನೆರವಿನಿಂದ, 1965ರ ವಾಯುಯುದ್ಧದ ಬಗ್ಗೆ 'ಬ್ಯಾಟಲ್ ಫಾರ್ ಪಾಕಿಸ್ತಾನ್' ಎಂಬ ಪುಸ್ತಕ ಪ್ರಕಟಿಸಿದರು. ಸೆಪ್ಟೆಂಬರ್ 7ರ ಬೆಳಗ್ಗೆ ಒಂದು ಸ್ಟಾರ್‌ಫೈಟರ್ ಒಂದು ಮಿಸ್ಟೇರ್‌ನೊಡನೆ ಕಾದಾಡಿ ಬಿತ್ತೆಂಬುದು ಅದರಲ್ಲಿತ್ತು. ಇದನ್ನು ಭಾರತದ ಕಡೆಯ ದಾಖಲೆಯೊಂದಿಗೆ ಹೊಂದಿಸುವುದು ಕಷ್ಟದ ಕೆಲಸವಾಗಿರಲಿಲ್ಲ. ಆ ಬೆಳಗಿನ ಮಿಸ್ಟೇರ್ ದಾಳಿಯಿಂದ ಹಿಂದಿರುಗದ ವಿಮಾನ ಒಂದೇ ಒಂದು. ದಿನ, ಹೊತ್ತು, ವಿಮಾನದ ಜಾತಿ ಮೂರೂ ತಾಳೆಯಾದ ಮೇಲೆ ಆ ಪೈಲಟ್ ಬೇರೆ ಯಾರೂ ಆಗಿರಲು ಸಾಧ್ಯವಿರಲಿಲ್ಲ.

ಈ ಸಾಕ್ಷ್ಯಕ್ಕೆ ಬೆಲೆ ಹೆಚ್ಚು ಎನ್ನಲು ಕಾರಣವಿದೆ. ಯುದ್ಧದಲ್ಲಿ ಎರಡೂ ಕಡೆಯವರು ತಾವು ಉರುಳಿಸಿದ ವಿಮಾನಗಳ ಸಂಖ್ಯೆಯನ್ನು ಹಿಗ್ಗಿಸುತ್ತಾರೆ. ಆದರೆ ತನ್ನ ಅತ್ಯುತ್ತಮ ವಿಮಾನವನ್ನು ಹಳೆಯ, ನಿಧಾನದ ವಿಮಾನವೊಂದು ಹೊಡೆಯಿತೆಂದು ಸುಮ್ಮನೆ ಹೇಳಿಕೊಳ್ಳಲು ಯಾರಿಗೂ ಆಸೆಯಿರುವುದಿಲ್ಲ. ಹೇಳುವವರಿಗೆ ಲಾಭವಿಲ್ಲದ ಸಾಕ್ಷ್ಯ ಸಾಮಾನ್ಯವಾಗಿ ಗಟ್ಟಿ. ಸುದ್ದಿ ಪರಿಶೀಲಿಸುವಾಗ ನಾವು ದಿನನಿತ್ಯ ಬಳಸುವ ಅಳತೆಗೋಲೂ ಇದೇ.

1988ರಲ್ಲಿ, ಸಾವಿನ 23 ವರ್ಷದ ನಂತರ, ದೇವಯ್ಯ ಅವರಿಗೆ ಮಹಾವೀರ ಚಕ್ರ ಘೋಷಣೆಯಾಯಿತು. ವಾಯುಪಡೆಯಲ್ಲಿ ಮರಣೋತ್ತರವಾಗಿ ಈ ಪದಕ ಪಡೆದವರು ಅವರೊಬ್ಬರೇ. ಪರಮವೀರ ಚಕ್ರ ಪಡೆದ ಏಕೈಕ ವಾಯುಪಡೆ ಅಧಿಕಾರಿ 1971ರ ನಿರ್ಮಲ್ ಜಿತ್ ಸಿಂಗ್ ಸೇಖೋಂ. ಸಂದೇಶ ಬರೆದವರು ಎರಡನ್ನೂ ಬೆರೆಸಿದ್ದಾರೆ. ಇನ್ನು ಅಮ್ಜದ್ ಹುಸೇನ್? 1971ರಲ್ಲಿ ಮತ್ತೊಂದು ಸ್ಟಾರ್‌ಫೈಟರ್‌ನಲ್ಲಿ ಅಮೃತಸರದ ಮೇಲೆ ಬಂದಾಗ ನಮ್ಮ ವಿಮಾನ ನಿರೋಧಕ ಫಿರಂಗಿಗೆ ಸಿಕ್ಕಿ ಭಾರತದ ಯುದ್ಧಕೈದಿಯಾದರು.

ಬೇರೆಡೆ ಹುಡುಕುವುದು ಹೇಗೆ?

ಬಾಂಬ್ ದಾಳಿಗೆ ಹೋದ ವೈಮಾನಿಕರ ಸಾವಿನ ತೊಡಕೇ ಇದು. ಸಾಯುವುದು ಶತ್ರುವಿನ ನೆಲದಲ್ಲಿ, ನೋಡಿದವರು ಬಹುಪಾಲು ಶತ್ರುಗಳೇ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ಕಮಾಂಡ್ ಒಂದರಿಂದಲೇ 55,573 ಮಂದಿ ಸತ್ತರು. ಯುದ್ಧ ಮುಗಿಯುವ ಮೊದಲೇ ಬ್ರಿಟಿಷ್ ವಾಯುಪಡೆ ಕಾಣೆಯಾದವರನ್ನು ಹುಡುಕಲೆಂದೇ ಒಂದು ವಿಭಾಗ ತೆರೆಯಿತು. ಪಟ್ಟಿಯಲ್ಲಿದ್ದವರು ಸುಮಾರು 42,000. ಆ ವಿಭಾಗದವರು ಯುರೋಪಿನ ಹಳ್ಳಿಹಳ್ಳಿ ಸುತ್ತಿ, ಎಂಜಿನ್ ಮೇಲೆ ಕೊರೆದ ಸಂಖ್ಯೆ, ಅಂಗಿಯ ಮೇಲಿನ ದೋಬಿ ಗುರುತು, ಹಲ್ಲಿನ ದಾಖಲೆ ಹಿಡಿದು ಹೆಸರು ಪತ್ತೆ ಮಾಡಿದರು. ಆದರೂ ಲಂಡನ್ ಬಳಿಯ ರನ್ನಿಮೀಡ್‌ನಲ್ಲಿ ಗೋರಿ ಗೊತ್ತಿಲ್ಲದ 20,000ಕ್ಕೂ ಹೆಚ್ಚು ವೈಮಾನಿಕರ ಹೆಸರು ಕಲ್ಲಿನ ಮೇಲಿದೆ. ಅದೇ ಯುದ್ಧದಲ್ಲಿ ಏಷ್ಯಾದ ಆಕಾಶದಲ್ಲಿ ಕಾಣೆಯಾದ ಭಾರತೀಯ ವೈಮಾನಿಕರ ಹೆಸರುಗಳು ಸಿಂಗಪುರದ ಸ್ಮಾರಕದಲ್ಲಿವೆ.

ಇಂದು ಡಿಎನ್‌ಎ ಇದೆ. 1944ರ ಜನವರಿಯಲ್ಲಿ ಅರುಣಾಚಲದ ಬೆಟ್ಟಕ್ಕೆ ಬಡಿದ ಅಮೆರಿಕದ ಬಿ-24 ಬಾಂಬರ್‌ನ ಅವಶೇಷ 2006ರಲ್ಲಿ ಸಿಕ್ಕಿತು. ಅಲ್ಲಿ ದೊರೆತ ಮೂಳೆಗಳಿಂದ ಒಬ್ಬ ಅಧಿಕಾರಿಯ ಗುರುತು 2017ರಲ್ಲಿ ಖಚಿತವಾಗಿ, ಅವರ ಊರಿನಲ್ಲಿ ಮಣ್ಣು ಮಾಡಿದರು. ಇಂಥ ಕೆಲಸದಲ್ಲಿ ಹೆಚ್ಚು ನೆರವಾಗುವುದು ತಾಯಿಯ ಕಡೆಯಿಂದ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎ. ಜೀವಕೋಶದಲ್ಲಿ ಅದರ ಪ್ರತಿಗಳು ನೂರಾರು ಇರುವುದರಿಂದ ಹಳೆಯ ಮೂಳೆಯಲ್ಲೂ ಉಳಿದಿರುತ್ತದೆ. ಅಕ್ಕತಂಗಿಯರ ಮಕ್ಕಳ ಮಾದರಿಯಿಂದಲೂ ಹೋಲಿಸಬಹುದು.

ದೇವಯ್ಯ ಅವರ ವಿಷಯದಲ್ಲಿ ಪ್ರಯೋಗಾಲಯಕ್ಕಿಂತ ಮನುಷ್ಯರ ನೆನಪು ನೆರವಿಗೆ ಬಂತು. ಪಾಕಿಸ್ತಾನ ವಾಯುಪಡೆಯ ನಿವೃತ್ತ ಅಧಿಕಾರಿ, ಇತಿಹಾಸಕಾರ ಕೈಸರ್ ತುಫೈಲ್ ಆ ಕಾಳಗದ ಬಗ್ಗೆ ವಿಚಾರಿಸಿ ಬರೆದಿದ್ದಾರೆ. ವಿಮಾನ ಬಿದ್ದ ಜಾಗಕ್ಕೆ ದೂರವಲ್ಲದ ಕಡೆ ಪೈಲಟ್‌ನ ದೇಹ ಸಿಕ್ಕಿತು, ಹಳ್ಳಿಯವರು ಅದನ್ನು ಹೊಲದಲ್ಲಿ ಹೂಳಿದರು ಎಂಬುದು ಅವರ ಬರಹದಿಂದ ತಿಳಿಯುತ್ತದೆ.

ಕಲ್ಲಿನ ಮೇಲೆ ಏನು ಬರೆಯುತ್ತೇವೆ

ಬಿಟಿಎಂ ಲೇಔಟ್‌ನಿಂದ ದಕ್ಷಿಣಕ್ಕೆ ಹೋದರೆ ಬೇಗೂರು ಸಿಗುತ್ತದೆ. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಶಾಸನವಿದೆ. 'ಬೆಂಗಳೂರು' ಎಂಬ ಹೆಸರು ಸಿಗುವ ಅತಿ ಹಳೆಯ ಬರಹ ಎಂದು ಪ್ರಸಿದ್ಧವಾದದ್ದು. ಅಷ್ಟೇನೂ ದೊಡ್ಡ ಬರಹವಲ್ಲ. ನಾಗತ್ತರನ ಕಡೆಯ ಬುಟ್ಟನಸೆಟ್ಟಿ ಬೆಂಗಳೂರ ಕಾಳಗದಲ್ಲಿ ಸತ್ತ ಎನ್ನುತ್ತದೆ. ಯಾರು, ಎಲ್ಲಿ, ಹೇಗೆ: ನಮ್ಮ ವೀರಗಲ್ಲುಗಳು ಬಯಸುವುದು ಈ ಮೂರನ್ನು. ನೆಹರೂ ತಾರಾಲಯದ ಬಳಿ ಇರುವ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲೂ ಎತ್ತರದ ವೀರಗಲ್ಲಿದೆ, ಸ್ವಾತಂತ್ರ್ಯದ ನಂತರ ಪ್ರಾಣ ಕೊಟ್ಟವರ ಹೆಸರುಗಳನ್ನು ಗ್ರಾನೈಟ್ ಫಲಕಗಳಲ್ಲಿ ಕೆತ್ತಿದ್ದಾರೆ. ಮೆಟ್ರೊದಲ್ಲಿ ಹೋದರೆ ಜಯನಗರದಿಂದ ಅರ್ಧ ದಿನದ ಕೆಲಸ. ಮಕ್ಕಳನ್ನು ಕರೆದುಕೊಂಡು ಹೋಗಿ.

ದೇವಯ್ಯ ಅವರ ವಿಷಯದಲ್ಲಿ 'ಯಾರು' ಎನ್ನುವುದು ನಮಗೆ ಗೊತ್ತಿತ್ತು. 'ಹೇಗೆ' ಮತ್ತು 'ಎಲ್ಲಿ' ಎನ್ನುವುದನ್ನು ಗಡಿಯಾಚೆಯವರು ಹೇಳಬೇಕಾಯಿತು.

ಮಡಿಕೇರಿಯ ಖಾಸಗಿ ಬಸ್ ನಿಲ್ದಾಣದ ಹತ್ತಿರದ ವೃತ್ತಕ್ಕೆ ಅವರ ಹೆಸರಿದೆ. 2020ರ ಸೆಪ್ಟೆಂಬರ್ 7ರಂದು ಅಲ್ಲಿ ಅವರ ಪ್ರತಿಮೆ ಅನಾವರಣಗೊಂಡಿತು. ನಿಮ್ಮ ಗುಂಪಿಗೆ ಆ ಸಂದೇಶ ಮತ್ತೆ ಬಂದರೆ ಅಳಿಸಿಹಾಕಬೇಕಿಲ್ಲ. 'ಪರಮವೀರ' ಇದ್ದಲ್ಲಿ 'ಮಹಾವೀರ' ಎಂದು ತಿದ್ದಿ, ಜೈಲಿನ ಸಾಲು ತೆಗೆದು, ಭಾಗವತ್, ಬ್ರಾರ್, ಗುಹಾ ಅವರ ಹೆಸರುಗಳನ್ನು ಸೇರಿಸಿ ಮುಂದಕ್ಕೆ ಕಳಿಸಿ.